ಮಧುವನಹಳ್ಳಿಯವರೆಗೆ ಒಂದು ಟಿಕೆಟ್

ಕೊಳ್ಳೇಗಾಲ
10 ಜುಲೈ 2025

ಅನಸೂಯಮ್ಮನಿಗೆ,

ಉಭಯ ಕುಶಲೋಪರಿ ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಕಾಣುವ ಗೀಟು ಅದೇ. ನಮ್ಮಿಬ್ಬರ ಕುಶಲ ಎಂಥದ್ದೆಂದು ಊರಿಗೇ ಗೊತ್ತಿರುವಾಗ ಅದಕ್ಕೊಂದು ಸಾಲು ದಂಡ.

ಹದಿನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಅಣ್ಣನ ಮಗ ಶಿವಪ್ರಕಾಶನ ಫೋನ್ ನಂಬರು ನನ್ನ ಹತ್ತಿರ ಇದೆ. ಮಾಡಲಿಲ್ಲ. ಫೋನು ಮಾಡಿದರೆ ನಿನ್ನ ದನಿ ನಾನು ಕೇಳಬೇಕು, ನನ್ನ ದನಿ ನೀನು ಕೇಳಬೇಕು. ಕಾಗದಕ್ಕೆ ಆ ತಾಪತ್ರಯವಿಲ್ಲ.

ವಿಷಯ ಒಂದೇ. ನಮ್ಮ ಸಿಂಧು ಹೋಗಿ ಬರುವ ನವೆಂಬರಿಗೆ ವರ್ಷ ತುಂಬುತ್ತದೆ. ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ. ಅವಳಿಗೆ ಮೊದಲ ಎಡೆ ಇಡಬೇಕು. ಇಷ್ಟು ದಿನ ನಮ್ಮ ಮನೆಯ ಎಡೆಗೆ ಯೋಚನೆಯೇ ಬೇಕಿರಲಿಲ್ಲ. ಅಪ್ಪನ ಫೋಟೋ ಮುಂದೆ ಒಂದು ಕಟ್ಟು ಬೀಡಿ, ಅವ್ವನಿಗೆ ಎಲೆ ಅಡಿಕೆ, ಇಬ್ಬರಿಗೂ ಹೊಸ ಬಟ್ಟೆ, ಒಬ್ಬಟ್ಟು, ವಡೆ. ಇಪ್ಪತ್ತೈದು ವರ್ಷದ ಹುಡುಗಿಗೆ ಏನಿಡುವುದು? ಅವಳಿಗೆ ಇಷ್ಟವಾದದ್ದನ್ನು ಪಟ್ಟಿ ಮಾಡೋಣ ಎಂದು ಕುಳಿತೆ. ಒಬ್ಬಟ್ಟು ಎಂದು ಬರೆದೆ. ಆಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ.

ಬಂಡಳ್ಳಿಯಿಂದ ಅಕ್ಕ ಶಿವಮ್ಮ ಬಂದಿದ್ದಳು. ಪಟ್ಟಿ ನೋಡಿ ಅವಳು ಅಂದದ್ದನ್ನು ಹಾಗೇ ಬರೆಯುತ್ತೇನೆ: "ಎತ್ತವ್ಳು ಗುಂಡುಕಲ್ಲಂಗೆ ಇರೋವಾಗ ಬ್ಯಾರೆ ಯಾರೋ ಬೇಯ್ಸಿ ಇಟ್ರೆ ಆ ಮಗ ಉಂಡದಾ? ಓಗಿ ಕರ್ಕಂಡು ಬಾ." ಹೋಗುವುದಿಲ್ಲ ಅಂದೆ. "ಅಂಗಾರೆ ಕಾಗ್ದನಾರಾ ಬರಿ, ನಿನ್ ಕೈಯೇನ್ ಸೇದೋಗಿಲ್ವಲ್ಲ" ಅಂದಳು. ಬರೆಯುತ್ತಿದ್ದೇನೆ.

ನಿನಗೆ ತಿಳಿದಿರಲಿ ಎಂದು ಇನ್ನೊಂದು. ಅವಳು ಕೆಲಸ ಮಾಡುತ್ತಿದ್ದ ರಕ್ತಪರೀಕ್ಷೆ ಲ್ಯಾಬಿಗೆ ಬರುವ ಮುದುಕ ಮುದುಕಿಯರು ಈಗಲೂ ಅವಳನ್ನು ಕೇಳುತ್ತಾರಂತೆ. ಹೊಸ ಹುಡುಗಿ ಸೂಜಿ ಚುಚ್ಚಿದರೆ ನೋವಾಗುತ್ತದೆ ಎಂದು ಧನಗೆರೆಯ ಅಜ್ಜಿಯೊಬ್ಬಳು ನಮ್ಮ ಮನೆಗೇ ಬಂದು ಅತ್ತಳು. "ಆ ಮಗ ಚುಚ್ಚುದ್ರೆ ತಿಳೀತಾನೇ ಇರ್ನಿಲ್ಲ ಕಣಪ್ಪೊ" ಅಂದಳು. ಎಂಟು ವರ್ಷದವಳಿದ್ದಾಗಿನಿಂದ ಮಗ್ಗದಲ್ಲಿ ಹರಿದ ರೇಷ್ಮೆ ಎಳೆಗೆ ಗಂಟು ಹಾಕಿದ ಕೈ ಅದು. ನಾನು ಕಲಿಸಿದ್ದು ಅದೊಂದೇ.

ಹನ್ನೆರಡು ವರ್ಷದವರೆಗೆ ನಿನ್ನ ಕೈಯಲ್ಲಿ ಉಂಡವಳು. ಅವಳಿಗೆ ಏನೇನು ಇಷ್ಟ ಎಂದು ಬರೆದು ಕಳಿಸು. ಹೊಸ ಬಟ್ಟೆಗೆ ನೇರಳೆ ಬಣ್ಣದ ಸೀರೆ ಮಗ್ಗದ ಮೇಲಿದೆ. ಬಂದು ಅಡುಗೆ ಮಾಡುವ ಮನಸ್ಸಿದ್ದರೆ ಅದನ್ನೂ ತಿಳಿಸು. ಇಲ್ಲದಿದ್ದರೆ ಬೇಡ.

ಇಂತಿ,
ಬಸವಯ್ಯ

*

ಯಳಂದೂರು
19 ಜುಲೈ 2025

ಸಿಂಧು ಅಪ್ಪನವರಿಗೆ,

ಕಾಗದ ಬಂತು. ಶಾಲೆಯ ಬಿಸಿಯೂಟದ ಪಾತ್ರೆ ತೊಳೆದು ಮನೆಗೆ ಬಂದಾಗ ಬಾಗಿಲ ಸಂದಿಯಲ್ಲಿತ್ತು. ಕೈಬರಹ ನೋಡಿ ಯಾರೋ ಸತ್ತಿರಬೇಕು ಅಂದುಕೊಂಡೆ. ಸಾಯಲು ಇನ್ನು ಯಾರಿದ್ದಾರೆ ಎಂದು ಆಮೇಲೆ ಹೊಳೆಯಿತು.

ಹನ್ನೆರಡು ವರ್ಷದವರೆಗೆ ನನ್ನ ಕೈಯಲ್ಲಿ ಉಂಡಳು ಎಂದು ಬರೆದಿದ್ದೀರಿ. ಇದೇನು ಮಾತು? ಅವಳು ಕೆಲಸಕ್ಕೆ ಸೇರಿದಂದಿನಿಂದ, ಅಂದರೆ ಆರು ವರ್ಷ, ಹದಿನೈದು ದಿನಕ್ಕೊಂದು ಭಾನುವಾರ ನನ್ನ ಮನೆಯಲ್ಲಿ ಉಣ್ಣುತ್ತಿರಲಿಲ್ಲವೇ? ಕದ್ದು ಬರುತ್ತಿದ್ದಳೇನು? ಮೊದಲ ಸಲ ಬಂದಾಗಲೇ ನಾನು ಹೆದರಿ ಕೇಳಿದ್ದೆ. "ಅಪ್ಪಂಗೆ ಗೊತ್ತು ಕಣವ್ವ, ಓಗ್ಬುಟ್ಟು ಬಾ ಅಂತು" ಅಂದಿದ್ದಳು. ಹೋಗುವಾಗ ಡಬ್ಬಿ ತುಂಬಿ ಕಳಿಸುತ್ತಿದ್ದೆ. ಮುಂದಿನ ಸಲ ತೊಳೆದ ಡಬ್ಬಿ ವಾಪಸು ಬರುತ್ತಿತ್ತು. ನೀವು ಉಂಡಿರೋ ದನಕ್ಕೆ ಹಾಕಿದಿರೋ, ಒಂದು ಮಾತು ಬರಲಿಲ್ಲ. ಆದರೂ ಮಗಳನ್ನು ತಡೆಯಲಿಲ್ಲವಲ್ಲ ಎಂದು ನಿಮ್ಮ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದಿಷ್ಟು ಒಳ್ಳೆಯದು ಇಟ್ಟುಕೊಂಡಿದ್ದೆ. ಕೊನೆಯ ಡಬ್ಬಿ ನಿಮ್ಮಲ್ಲೇ ಉಳಿದಿದೆ. ಇರಲಿ ಬಿಡಿ.

ಹಳೆಯದನ್ನು ಕೆದಕುವುದಿಲ್ಲ. ಅಣ್ಣ ಹಾಸಿಗೆ ಹಿಡಿದಾಗ ನಿಮ್ಮನ್ನು ಕೇಳದೆ ಬಂದೆ, ಎರಡು ತಿಂಗಳು ಅವನ ಹೇಲು ಉಚ್ಚೆ ಬಳಿದು, ಅವನನ್ನು ಮಣ್ಣು ಮಾಡಿ ಮನೆಗೆ ಮರಳಿದೆ. ಬೀದಿಯವರೆಲ್ಲ ನಿಂತು ನೋಡುತ್ತಿರುವಾಗ "ಓದವ್ಳು ಅಲ್ಲೇ ಇರು" ಅಂದಿರಿ. ಇದ್ದೇನೆ.

ಅವಳಿಗೆ ಇಷ್ಟವಾದದ್ದು ಕೇಳಿದ್ದೀರಿ. ಒಬ್ಬಟ್ಟನ್ನು ಹೊಡೆದುಹಾಕಿ. ನಿಮ್ಮ ಅವ್ವನಿಗೆ ಹೆದರಿ ತಿಂದು ತಿಂದು ಅವಳಿಗೆ ಹೂರಣದ ವಾಸನೆಯೇ ಆಗುತ್ತಿರಲಿಲ್ಲ. ಹುರುಳಿಕಾಳಿನ ಉಪ್ಸಾರು, ಸುಟ್ಟ ಮೆಣಸಿನಕಾಯಿಯ ಖಾರ, ಬಿಸಿ ಅನ್ನ. ಮುದ್ದೆ ಬೇಡ. ಕಜ್ಜಾಯ, ಅದೂ ಅಂಚು ಸೀದದ್ದು. ಬಸ್ ಸ್ಟ್ಯಾಂಡ್ ಎದುರಿನ ಗಾಡಿಯ ಗೋಬಿ ಮಂಚೂರಿ. ಶಿವಮ್ಮತ್ತಿಗೆ ಬಾಯಿ ಬಡಿದುಕೊಂಡರೂ ಇಡಿ. ಸೀರೆ ಬೇಡ. ನೇಯುವವರ ಮನೆಯ ಹುಡುಗಿಗೆ ಸೀರೆ ಕಂಡರೆ ಆಗುತ್ತಿರಲಿಲ್ಲ, ನಿಮಗಿನ್ನೂ ಗೊತ್ತಿಲ್ಲ. ಚೂಡಿದಾರ ಇಡಿ.

ಅಡುಗೆಗೆ ನಾನು ಬರುವುದಿಲ್ಲ. ಕಾರಣ ಹೇಳಿಬಿಡುತ್ತೇನೆ. ಆ ಭಾನುವಾರ ಬರುತ್ತೇನೆ ಎಂದು ಶನಿವಾರ ಫೋನು ಮಾಡಿದ್ದಳು. ಎಲ್ಲಾ ಮಾಡಿಟ್ಟು ಮೂರು ಗಂಟೆಯವರೆಗೆ ಕಾದೆ. ಅವಳು ಸತ್ತದ್ದು ಹನೂರು ರಸ್ತೆಯಲ್ಲಿ. ಗೆಳತಿ ಮೇಘನಾ ಮನೆಗೆ ಹೊರಟಿದ್ದಳು ಎಂದು ಹೆಣದ ಮುಂದೆ ನೀವೇ ಎಲ್ಲರಿಗೂ ಹೇಳುತ್ತಿದ್ದಿರಿ, ಮೂಲೆಯಲ್ಲಿ ನಿಂತು ಕೇಳಿಸಿಕೊಂಡೆ. ಯಳಂದೂರು ಒಂದು ದಿಕ್ಕು, ಹನೂರು ಇನ್ನೊಂದು ದಿಕ್ಕು. ಕೊನೆಯ ದಿನ ಅವಳಿಗೆ ನಾನು ಬೇಡವಾದೆ. ಎಂಟು ತಿಂಗಳಿಂದ ಆ ಮೇಘನಾ ಹುಡುಗಿಯ ಮೇಲೆ ಹೊಟ್ಟೆ ಉರಿದುಕೊಂಡು ಬದುಕಿದ್ದೇನೆ. ಪಾಪ, ಅವಳದೇನು ತಪ್ಪು. ಆದರೆ ಎಡೆಯ ಅಡುಗೆ ಅವಳ ಅವ್ವನೇ ಮಾಡಲಿ. ಮಗಳು ಹೊರಟದ್ದು ಅವರ ಮನೆಯ ಊಟಕ್ಕೆ.

ಇಂತು,
ಅನಸೂಯಮ್ಮ

*

ಕೊಳ್ಳೇಗಾಲ
4 ಆಗಸ್ಟ್ 2025

ಅನಸೂಯಮ್ಮನಿಗೆ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರಕ್ಕೆ ಮೂರು ಸಲ ಕುಳಿತು ಮೂರು ಸಲ ಎದ್ದೆ.

ಸೀರೆಯನ್ನು ಮಗ್ಗದಿಂದ ಇಳಿಸಿ ನೇಕಾರರ ಸೊಸೈಟಿಗೆ ಕೊಟ್ಟೆ. ಮೂವತ್ತೈದು ವರ್ಷ ಸೀರೆ ನೇಯ್ದವನು ಮೊನ್ನೆ ರೆಡಿಮೇಡ್ ಅಂಗಡಿಯ ಮುಂದೆ ಹೋಗಿ ನಿಂತೆ. ಸೈಜ್ ಎಷ್ಟು ಅಂದ. ಗೊತ್ತಿಲ್ಲ ಅಂದೆ. ಎತ್ತರ ಎಷ್ಟು ಅಂದ. ನನ್ನ ಭುಜಕ್ಕೆ ಬರುತ್ತಾಳೆ ಅಂದೆ. "ಅವ್ರನ್ನೇ ಕರ್ಕಂಡ್ ಬನ್ನಿ ಸಾ, ಆಕ್ಕಂಡ್ ನೋಡ್ಲಿ. ಮನೆಗ್ ಓದ್ಮೇಲೆ ಸರಿಯಾಗ್ನಿಲ್ಲ ಅಂದ್ರೆ ವಾಪಸ್ ತಗಳಲ್ಲ" ಅಂದ. ಆಯ್ತಪ್ಪ ಎಂದು ಹೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಚಪ್ಪಲಿ ಹಾಕಿಕೊಳ್ಳುವವನಂತೆ ಬಹಳ ಹೊತ್ತು ಕುಳಿತಿದ್ದೆ.

ಆಮೇಲೆ ಮೇಘನಾಳೇ ಬಂದಳು. ಹನೂರಿನಲ್ಲಿ ಗೆಸ್ಟ್ ಟೀಚರ್ ಆಗಿದ್ದಾಳೆ. ತಿಂಗಳಿಗೊಮ್ಮೆ ಬಂದು ನನ್ನ ಮನೆ ಗುಡಿಸಿ, ಬಿಪಿ ಮಾತ್ರೆ ಎಣಿಸಿ, ಬೈದು ಹೋಗುತ್ತಾಳೆ. "ನಂಗೂ ಅವ್ಳಿಗೂ ಒಂದೇ ಸೈಜ್ ಅಪ್ಪಾಜಿ, ನಡೀರಿ" ಎಂದು ಅದೇ ಅಂಗಡಿಗೆ ಕರೆದುಕೊಂಡು ಹೋದಳು. ತಿಳಿಹಳದಿ ಬಣ್ಣದ್ದೊಂದನ್ನು ಆರಿಸಿದಳು. ಟ್ರಯಲ್ ರೂಮಿನೊಳಗೆ ಹೋದವಳು ಹೊರಗೆ ಬರಲಿಲ್ಲ. ಅಂಗಡಿಯ ಹೆಂಗಸು ಬಾಗಿಲು ತಟ್ಟಬೇಕಾಯಿತು. ಆ ಹುಡುಗಿಯ ಮೇಲೆ ಹೊಟ್ಟೆ ಉರಿದುಕೊಳ್ಳಬೇಡ. ನಿನಗಿಂತ ಕಡಿಮೆ ಅತ್ತವಳಲ್ಲ ಅವಳು.

ಈಗ ನೀನು ಬರೆದದ್ದಕ್ಕೆ ಬರುತ್ತೇನೆ. "ಅಪ್ಪಂಗೆ ಗೊತ್ತು, ಓಗ್ಬುಟ್ಟು ಬಾ ಅಂತು" ಎಂದು ಅವಳು ನಿನಗೆ ಹೇಳಿದ್ದಳು ಅನ್ನುವುದು ನನಗೆ ಹೊಸದು. ಆ ಸಾಲನ್ನು ಎಷ್ಟು ಸಲ ಓದಿದೆನೋ. ಮತ್ತೆ, ಆ ಭಾನುವಾರದ ಬಗ್ಗೆ ನೀನು ತಿಳಿದುಕೊಂಡಿರುವುದು ತಪ್ಪು. ಹೇಗೆ ತಪ್ಪು ಅನ್ನುವುದು ನನಗೊಬ್ಬನಿಗೇ ಗೊತ್ತಿದೆ. ಬರೆದರೆ ನಿನಗೆ ಒಳ್ಳೆಯದಾಗುತ್ತದೆ, ನನಗೆ ಆಗುವುದಿಲ್ಲ. ಧೈರ್ಯ ಬಂದಾಗ ಬರೆಯುತ್ತೇನೆ.

ಇಂತಿ,
ಬಸವಯ್ಯ

*

ಯಳಂದೂರು
9 ಆಗಸ್ಟ್ 2025

ಸಿಂಧು ಅಪ್ಪನವರಿಗೆ,

ಇದೊಳ್ಳೆ ಚೆನ್ನಾಯಿತು. ಗಾಯದ ಬಟ್ಟೆ ಬಿಚ್ಚಿ, ಆಮೇಲೆ ನೋಡೋಣ ಎಂದು ಎದ್ದು ಹೋಗುವ ವೈದ್ಯರನ್ನು ನಾನು ಕಂಡಿರಲಿಲ್ಲ.

ಗೊತ್ತಿದ್ದರೆ ಬರೆಯಿರಿ. ನನಗೆ ಒಳ್ಳೆಯದೋ ಕೆಟ್ಟದ್ದೋ ನಾನು ನೋಡಿಕೊಳ್ಳುತ್ತೇನೆ. ಮಾತು ನುಂಗುವ ನಿಮ್ಮ ಚಾಳಿಗೆ ಹದಿನಾಲ್ಕು ವರ್ಷ ಕೊಟ್ಟಿದ್ದೇನೆ. ಇನ್ನು ಕೊಡಲು ನನ್ನ ಹತ್ತಿರ ಏನೂ ಉಳಿದಿಲ್ಲ.

ಎರಡು ದಿನದಿಂದ ಶಾಲೆಯ ಸಾಂಬಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೇನೆ. ಮಕ್ಕಳು ಏನು ಪಾಪ ಮಾಡಿದ್ದವು?

ಅನಸೂಯಮ್ಮ

*

ಕೊಳ್ಳೇಗಾಲ
28 ಆಗಸ್ಟ್ 2025

ಅನಸೂಯಾ,

ಅವಳು ಆ ಭಾನುವಾರ ನಿನ್ನ ಮನೆಗೇ ಹೊರಟಿದ್ದಳು. ಮೊದಲು ಇದನ್ನು ಬರೆದುಬಿಟ್ಟಿದ್ದೇನೆ. ಉಳಿದದ್ದನ್ನು ಓದಲು ಮನಸ್ಸಿಲ್ಲದಿದ್ದರೆ ಇಲ್ಲಿಗೇ ಮಡಿಸಿಡು.

ನಿನ್ನ ಮನೆಗೆ ಹೋಗಿ ಬಾ ಎಂದು ನಾನು ಅವಳಿಗೆ ಹೇಳಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ. ನಿನ್ನ ಹೆಸರು ಎತ್ತಿದರೆ ನಾನು ಊಟ ಬಿಟ್ಟು ಏಳುತ್ತಿದ್ದೆ. ಹನ್ನೆರಡರ ಹುಡುಗಿ ಎಷ್ಟು ಸಲ ಎತ್ತೀತು? ಬಿಟ್ಟುಬಿಟ್ಟಳು. ಕೆಲಸಕ್ಕೆ ಸೇರಿದ ಮೇಲೆ ಭಾನುವಾರ ಹನೂರಿಗೆ ಹೋಗುತ್ತೇನೆ, ಮೇಘನಾ ಮನೆಗೆ, ಅಂದಳು. ಸರಿ ಅಂದೆ. ಸಂಜೆ ಬಂದು ಡಬ್ಬಿ ಮುಂದಿಟ್ಟಳು. "ಮೇಘನಾ ಅವ್ವ ಕೊಟ್ರು ಕಣಪ್ಪ." ಒಂದು ತುತ್ತು ಬಾಯಿಗಿಟ್ಟೆ. ಖಾರಕ್ಕೆ ಹುಣಸೆಹಣ್ಣನ್ನು ಕೆಂಡದಲ್ಲಿ ಸುಟ್ಟು ಹಾಕುವ ಕೈ ನಾನು ಕಂಡಂತೆ ಒಂದೇ. ತಲೆ ಎತ್ತಲಿಲ್ಲ. "ಚೆನ್ನಾಗ್ ಮಾಡ್ತಾರೆ ಅವ್ರು" ಅಂದೆ. ನೀನು ಕೇಳಿದೆಯಲ್ಲ, ದನಕ್ಕೆ ಹಾಕಲಿಲ್ಲ. ಆರು ವರ್ಷ ಡಬ್ಬಿಯ ತಳ ಕೆರೆದು ಉಂಡಿದ್ದೇನೆ. ಶುಕ್ರವಾರ ಬಂದರೆ ಭಾನುವಾರ ಬಂತಲ್ಲ ಎಂದು ಆಸೆಯಾಗುತ್ತಿತ್ತು. ಅಷ್ಟು ಆಸೆಪಟ್ಟವನು ಬಾಯಿ ಬಿಟ್ಟು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡ್ ಟೀ ಅಂಗಡಿಯ ಬೆಂಚಿನಲ್ಲಿ ಕೂರುತ್ತೇನೆಂದು ನಿನಗೆ ನೆನಪಿರಬೇಕು. ಯಳಂದೂರು ಬಸ್ಸೂ ಹನೂರು ಬಸ್ಸೂ ನಿಲ್ಲುವುದು ನನ್ನ ಕಣ್ಣೆದುರಿಗೇ. ಅದಕ್ಕೇ ಅವಳು ನನಗೆ ಕಾಣುವಂತೆ ಹನೂರು ಬಸ್ಸು ಹತ್ತುತ್ತಿದ್ದಳು. ನಾಲ್ಕು ಮೈಲಿ ಹೋಗಿ ಮಧುವನಹಳ್ಳಿಯಲ್ಲಿ ಇಳಿದು, ರಸ್ತೆ ದಾಟಿ, ಆಟೋ ಹಿಡಿದು ಕೊಳ್ಳೇಗಾಲಕ್ಕೆ ವಾಪಸು. ಬಸ್ ಸ್ಟ್ಯಾಂಡಿಗೆ ಬರದೆ ಹಿಂದಿನ ಬೀದಿಗಳಲ್ಲಿ ನಡೆದು, ಊರ ಹೊರಗೆ ಯಳಂದೂರು ಬಸ್ಸಿಗೆ ಕೈ ಅಡ್ಡ ಹಾಕುವುದು. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ. ಕಂಡದ್ದು ಕೇಳಿದ್ದನ್ನು ಜೋಡಿಸಿ ನಾನು ತಿಳಿದುಕೊಂಡ ದಾರಿ ಇದು. ಒಂದು ಸಲ ಊರ ಹೊರಗೆ, ಯಳಂದೂರು ಕಡೆಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ನಾನೇ ಅವಳನ್ನು ಕಂಡೆ, ದುಪಟ್ಟ ತಲೆಗೆ ಹೊದ್ದಿದ್ದಳು. ಅವಳು ನೋಡುವ ಮೊದಲೇ ಮುಖ ತಿರುಗಿಸಿದೆ. ಇನ್ನೊಂದು ಸಲ ಹನೂರು ಬಸ್ಸಿನ ಕಂಡಕ್ಟರು ಟೀ ಕುಡಿಯುತ್ತ, "ನಿಮ್ ಮಗಳು ಮಧುವನಹಳ್ಳೀಲಿ ಕೆಲ್ಸಕ್ ಓಯ್ತಾರಾ ಸಾ?" ಅಂದ. ಹೂಂ ಅಂದೆ.

ಬೇರೆ ಕಡೆ ಟೀ ಕುಡಿಯಬಹುದಿತ್ತು. ಭಾನುವಾರ ಒಂದು ದಿನ ಮನೆಯಲ್ಲೇ ಕೂರಬಹುದಿತ್ತು. ಕೂರಲಿಲ್ಲ. ಹೆಂಡತಿ ಕೈಬಿಟ್ಟು ಹೋದರೂ ಮಗಳು ನನಗಿನ್ನೂ ಹೆದರುತ್ತಾಳೆ ಅನ್ನುವುದನ್ನು ಹದಿನೈದು ದಿನಕ್ಕೊಮ್ಮೆ ಕಣ್ಣಾರೆ ನೋಡುವುದು ನನಗೆ ಹಿತವಾಗಿತ್ತು. ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ.

ಆ ದಿನವೂ ಟೀ ಕುಡಿಯುತ್ತಿದ್ದೆ. ಬಸ್ಸು ಹತ್ತುವಾಗ ತಿರುಗಿ ಕೈ ಬೀಸಿದಳು. ಇಪ್ಪತ್ತು ನಿಮಿಷಕ್ಕೆ ಸುದ್ದಿ ಬಂತು. ಬಸ್ಸಿಳಿದು ರಸ್ತೆ ದಾಟುವಾಗ ಟಿಪ್ಪರ್ ಗುದ್ದಿತ್ತು. "ಹನೂರಿಗೆ ಹೊರಟವ್ರು ಅಲ್ಯಾಕ್ ಇಳಿದ್ರು?" ಎಂದು ಪೊಲೀಸಿನವರು ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ಅವಳ ಬ್ಯಾಗು ನನ್ನ ಕೈಗೆ ಕೊಟ್ಟರು. ಅದರಲ್ಲಿ ನಿನ್ನ ಡಬ್ಬಿ ಇತ್ತು, ತೊಳೆದು ಒರೆಸಿದ್ದು. ಪರ್ಸಿನಲ್ಲಿ ಟಿಕೆಟ್ಟು ಇತ್ತು, ಹನೂರಿಗಲ್ಲ, ಮಧುವನಹಳ್ಳಿಯವರೆಗೆ. ಜೇಬಿಗೆ ಹಾಕಿಕೊಂಡು ಎಲ್ಲರಿಗೂ ಹನೂರಿಗೆ ಹೊರಟಿದ್ದಳು ಅಂದೆ. ಯಳಂದೂರಿಗೆ ಅಂದಿದ್ದರೆ, ಮತ್ತೆ ಆ ರಸ್ತೆಗೇಕೆ ಹೋದಳು ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರ ನಾನೇ.

ಹೋದ ತಿಂಗಳು ಮೇಘನಾ ತಡೆಯಲಾರದೆ ಹೇಳಿಕೊಂಡಳು: "ಅವ್ಳು ನಮ್ಮನೆಗೆ ಬತ್ತಾನೇ ಇರ್ನಿಲ್ಲ ಅಪ್ಪಾಜಿ. ಯಾರಾರಾ ಕೇಳಿದ್ರೆ ಹೂಂ ಅನ್ನು ಅಂದಿದ್ಲು. ನಾನ್ ಹೂಂ ಅಂದಿದ್ಕೇ ಹಿಂಗಾಯ್ತು." ನಿಂದಲ್ಲ ಮಗಾ ಅಂದೆ. ಯಾರದು ಎಂದು ಅವಳಿಗೂ ಹೇಳಲಿಲ್ಲ.

ನಿನಗೆ 'ಅಪ್ಪಂಗೆ ಗೊತ್ತು' ಅಂದಳು, ನನಗೆ 'ಹನೂರು' ಅಂದಳು. ನಿನ್ನ ಮುಂದೆ ನನ್ನನ್ನು ಒಳ್ಳೆಯವನನ್ನಾಗಿ ಇಟ್ಟಿದ್ದಳು, ಅದು ನಿನ್ನ ಕಾಗದ ಬರುವವರೆಗೆ ನನಗೆ ತಿಳಿಯಲಿಲ್ಲ. ಟಿಕೆಟ್ಟನ್ನು ಇದರೊಳಗೆ ಇಟ್ಟಿದ್ದೇನೆ. ಮೆಷಿನ್ನಿನ ಟಿಕೆಟ್ಟು, ಅಕ್ಷರ ಮಾಸುತ್ತಿದೆ. ಊರಿನ ಹೆಸರು ಇನ್ನೂ ಕಾಣುತ್ತದೆ, ಬಿಸಿಲಿಗೆ ಹಿಡಿದು ನೋಡು. ಡಬ್ಬಿ ನನ್ನ ಹತ್ತಿರ ಇದೆ.

ನೀನು ಏನು ಬೈದರೂ ಸರಿಯೇ.

ಬಸವಯ್ಯ

*

ಯಳಂದೂರು
11 ಸೆಪ್ಟೆಂಬರ್ 2025

ಸಿಂಧು ಅಪ್ಪನವರಿಗೆ,

ಬರುತ್ತಿದ್ದಳು.

ಆ ಒಂದು ಮಾತು ಹಿಡಿದುಕೊಂಡು ಎರಡು ದಿನ ಕಳೆದೆ. ಮಗಳು ಸತ್ತ ವಿಷಯಕ್ಕೆ ಇಷ್ಟು ಸಂತೋಷಪಡುವ ತಾಯಿ ಲೋಕದಲ್ಲಿ ಇದ್ದಾಳೋ ಇಲ್ಲವೋ. ಪಕ್ಕದ ಮನೆಯ ಮಹಾದೇವಮ್ಮನಿಗೆ ಟಿಕೆಟ್ಟು ತೋರಿಸಿದೆ. "ನನ್ನ ಮಗ ನನ್ ತಾವ್ಕೇ ಬತ್ತಿತ್ತು ಕಣವ್ವ" ಎಂದು ಹೇಳಿ ಹೇಳಿ ಅತ್ತೆ. ಅವಳಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಜೊತೆಗೆ ಅತ್ತಳು.

ಮೂರನೆಯ ದಿನದಿಂದ ನಿಮ್ಮನ್ನು ಶಪಿಸಲು ಶುರು ಮಾಡಿದೆ. ಏನೇನು ಅಂದೆ ಎಂದು ಬರೆಯುವುದಿಲ್ಲ. ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿದಾಗ ನೀವು ಎದುರಿಗಿದ್ದಿದ್ದರೆ ಕೈಗೆ ಸಿಕ್ಕಿದ್ದರಲ್ಲಿ ಬಡಿಯುತ್ತಿದ್ದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಈಗ ಯಾರಿಗೆ ಬೇಕು ನಿಮ್ಮ ಬುದ್ಧಿ?

ಆದರೆ ಬೈದು ಬೈದು ಸುಸ್ತಾದಾಗ ಒಂದು ವಿಷಯ ನನ್ನ ಕಡೆಗೇ ತಿರುಗಿತು. ಎಂಟಕ್ಕೆ ಮನೆ ಬಿಟ್ಟೆ ಅನ್ನುತ್ತಿದ್ದಳು, ಬರುವಾಗ ಹತ್ತೂವರೆ ದಾಟುತ್ತಿತ್ತು. ಮುಖವೆಲ್ಲ ಬೆವರು, ಚಪ್ಪಲಿಯೆಲ್ಲ ಧೂಳು. ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಕುಳಿತು ಬಂದವರಿಗೆ ಕಾಲಿಗೆ ಧೂಳು ಎಲ್ಲಿಂದ ಬರುತ್ತದೆ? ನನಗೆ ಕಾಣಲಿಲ್ಲವೇ? ಕಂಡಿತ್ತು. ಕೇಳಲಿಲ್ಲ. ಕೇಳಿದರೆ ನಿಜ ಹೊರಗೆ ಬಿದ್ದು, ಬರುವುದೇ ನಿಂತುಹೋದರೆ ಎಂದು ಹೆದರಿ ನೀರು ಕೊಟ್ಟು ಸುಮ್ಮನಾಗುತ್ತಿದ್ದೆ. ಅಷ್ಟೂ ಪಾಪವನ್ನು ನಿಮಗೊಬ್ಬರಿಗೇ ಕೊಟ್ಟು ನಾನು ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ಹಾಗೆಂದು ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ. ಅದು ನನ್ನ ಕೈಯಲ್ಲಿಲ್ಲ, ಬಂದಾಗ ಬರಲಿ.

ಎಡೆಯ ಅಡುಗೆ ನಾನೇ ಮಾಡುತ್ತೇನೆ. ಇಪ್ಪತ್ತೊಂದಕ್ಕೆ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಹುರುಳಿಕಾಳು, ಮೆಣಸಿನಕಾಯಿ ನಾನೇ ತರುತ್ತೇನೆ. ಕೆಂಡಕ್ಕೆ ಇದ್ದಿಲು ತಂದಿಡಿ, ಗ್ಯಾಸಿನ ಮೇಲೆ ಸುಟ್ಟರೆ ಆ ರುಚಿ ಬರುವುದಿಲ್ಲ. ಮೇಘನಾಗೂ ಬರಲು ಹೇಳಿ, ನಾನು ಅವಳ ಹತ್ತಿರ ಮಾತಾಡಬೇಕು. ಸಂಜೆ ನಾಲ್ಕರ ಬಸ್ಸಿಗೆ ವಾಪಸು ಹೊರಡುತ್ತೇನೆ. ಉಳಿ ಎಂದು ಯಾರೂ ಅನ್ನಬಾರದು.

ಒಂದು ಷರತ್ತು. ನಾನು ತಲೆಗೆ ಸೆರಗು ಹೊದ್ದು ಹಿಂದಿನ ಬೀದಿಯಿಂದ ಬರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲೇ ಇಳಿಯುತ್ತೇನೆ. ನಾನು ಯಾರು, ಎಲ್ಲಿಂದ ಬರುತ್ತಿದ್ದೇನೆ ಎಂದು ಆ ಬೆಂಚಿನವರಿಗೆ ನೀವು ನಿಮ್ಮ ಬಾಯಿಂದಲೇ ಹೇಳಿರಬೇಕು. ಆಗುವುದಿಲ್ಲ ಎಂದರೆ ಒಂದು ಸಾಲು ಬರೆಯಿರಿ, ಇಲ್ಲೇ ಎಡೆ ಇಡುತ್ತೇನೆ.

ಅನಸೂಯಮ್ಮ

*

ಕೊಳ್ಳೇಗಾಲ
25 ಸೆಪ್ಟೆಂಬರ್ 2025

ಅನಸೂಯಾ,

ನೀನು ನಾಲ್ಕರ ಬಸ್ಸಿಗೆ ಹೊರಟೆ. ಯಾರೂ ಉಳಿ ಅನ್ನಲಿಲ್ಲ. ಶಿವಮ್ಮಕ್ಕ ಅನ್ನಲು ಬಾಯಿ ತೆರೆದಳು, ಮೇಘನಾ ಅವಳ ಕೈ ಹಿಸುಕಿದ್ದನ್ನು ನಾನು ನೋಡಿದೆ. ಗೋಬಿ ಮಂಚೂರಿಯನ್ನು ಎಡೆಯಿಂದ ತೆಗೆದು ಪ್ರಸಾದವೆಂದು ಹೆಚ್ಚು ತಿಂದವಳು ಅಕ್ಕನೇ. ಚೂಡಿದಾರವನ್ನು ನೀನು ಮೇಘನಾಗೆ ಕೊಟ್ಟದ್ದು ಒಳ್ಳೆಯದಾಯಿತು. ನಿನ್ನೆ ಹಾಕಿಕೊಂಡು ಪೇಟೆಗೆ ಹೋಗಿದ್ದಳಂತೆ.

ನೀನು ಬಸ್ಸಿಳಿಯುವ ಮೊದಲು ನಡೆದದ್ದು ನಿನಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಏಳಕ್ಕೇ ಹೋಗಿ ಬೆಂಚಿನ ಮೇಲೆ ಕುಳಿತೆ. ನೀನು ಇಳಿದಾಗ ನನ್ನ ಪಕ್ಕದಲ್ಲಿದ್ದನಲ್ಲ ಪುಟ್ಟಸಿದ್ದಯ್ಯ, ಅವನ ಮಗ್ಗವೂ ನಮ್ಮ ಬೀದಿಯಲ್ಲೇ. ಅವನು ಬಂದು, "ಏನ್ ಬಸವಣ್ಣ, ಅಬ್ಬದ ದಿನ ಮನೇಲಿರದ್ ಬುಟ್ಟು ಇಲ್ ಕೂತಿದ್ದೀಯೆ?" ಅಂದ.

"ಯಳಂದೂರು ಬಸ್ಸಿಗೆ ಕಾಯ್ತಿವ್ನಿ. ಸಿಂಧು ಅವ್ವ ಬತ್ತಾವಳೆ" ಅಂದೆ.

ಇಷ್ಟೇ ಮಾತು. ಹೇಳಿ ಟೀ ಲೋಟವನ್ನು ಬೆಂಚಿನ ಮೇಲಿಟ್ಟು ಅವನ ಮುಖ ನೋಡಿದೆ. ಅವನು ಅಚ್ಚರಿಪಡಬೇಕಿತ್ತು. ಪಡಲಿಲ್ಲ. ತನ್ನ ಟೀ ಕುಡಿದು ಮುಗಿಸಿ ಮೆಲ್ಲಗೆ ಅಂದ: "ಈ ಮಾತ ಆ ಮಗ ಇದ್ದಾಗ ಆಡಬಾರದಿತ್ತಾ? ನಮ್ಗೆಲ್ಲ ಗೊತ್ತಿತ್ತು ಕಣ. ಒಂದಿನ ನಮ್ಮನೆ ಹಿಂದ್ಗಡೆ ಬೀದೀಲಿ ನನ್ ಕೈಗೆ ಸಿಕ್ಕಾಕ್ಕಂಡ್ಲು. ನಮ್ಮಪ್ಪಂಗೆ ಹೇಳ್ಬ್ಯಾಡಿ ಮಾವ, ನೊಂದ್ಕತದೆ ಅಂದ್ಲು." ಟೀ ಅಂಗಡಿಯವನೂ ತಲೆಯಾಡಿಸಿದ. ಬೀದಿಗೆಲ್ಲ ಗೊತ್ತಿತ್ತು ಅನಸೂಯಾ. ಅವಳು ಹೆದರಿ ಸುತ್ತುತ್ತಿದ್ದಾಳೆ ಎಂದು ನಾನು ಹಿಗ್ಗುತ್ತಿದ್ದೆನಲ್ಲ, ಅದು ಹೆದರಿಕೆಯಲ್ಲ. ನನಗೆ ನೋವಾಗಬಾರದು ಎಂದು ಅಷ್ಟು ದೂರ ಸುತ್ತುತ್ತಿದ್ದಳು. ಇದನ್ನು ತಿಳಿದುಕೊಂಡು ನಾನು ಇನ್ನು ಎಷ್ಟು ವರ್ಷ ಬದುಕಬೇಕೋ ಗೊತ್ತಿಲ್ಲ. ಆಗಲೇ ನಿನ್ನ ಬಸ್ಸು ಒಳಗೆ ಬಂತು. ಏಕೆ ಅಳುತ್ತಿದ್ದೀರಿ ಎಂದು ನೀನು ಕೇಳಲಿಲ್ಲ. ಕೈಗೆ ಚೀಲ ಕೊಟ್ಟು ಮುಂದೆ ನಡೆದೆ. ಅದು ಸರಿಯಾಗಿತ್ತು.

ಇನ್ನೊಂದು ಉತ್ತರ ಬಾಕಿ ಇದೆ. ಎಡೆ ಇಟ್ಟು, ಅವಳು ಒಳಗೆ ಒಬ್ಬಳೇ ಉಣ್ಣಲಿ ಎಂದು ಬಾಗಿಲು ಮುಚ್ಚಿಕೊಂಡು ಎಲ್ಲರೂ ಜಗಲಿಯಲ್ಲಿ ಕುಳಿತೆವಲ್ಲ. ನಾನು ಬಾಗಿಲ ಕಡೆಗೆ ಬಾಗಿ ಏನೋ ಅಂದೆ. ಏನಂದಿರಿ ಎಂದು ನೀನು ಕೇಳಿದೆ. ಅಕ್ಕ, ಮೇಘನಾ ಎಲ್ಲರೂ ಇದ್ದರು. ಏನಿಲ್ಲ ಅಂದೆ. ಏನಿಲ್ಲ ಎಂದು ಹೇಳುವ ಚಾಳಿ ಒಂದೇ ದಿನಕ್ಕೆ ಬಿಡುವುದಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

"ಉಂಡ್ಬುಟ್ಟು ನಿಮ್ಮವ್ವನ ಮನೆಗೆ ಓಗಿ ಬಾ ಮಗಾ. ಯಳಂದೂರು ಬಸ್ಸಿಗೇ ಹತ್ತು" ಅಂದೆ.

ಇಂತಿ,
ಸಿಂಧು ಅಪ್ಪ